ತಡವಾಗಿ ಬಂದ ಅಲೆ

"ಇಂಜಿನ್ ಆರ್ಸಿ! ಆರ್ಸಿ ಅಂದೆನಲ್ಲ!" ಎನ್ನುತ್ತ ಮಗಳು ಶವದ ವ್ಯಾನಿಗೆ ಅಡ್ಡ ನಿಂತಳು. ಚಾಲಕ ಗಾಬರಿಯಿಂದ ಕೀಲಿ ತಿರುಗಿಸಿದ.

ಜಗಲಿಯ ಮೇಲೆ, ಪೆಟ್ಟಿಗೆಯಲ್ಲಿ ಅಮ್ಮ ಮಲಗಿದ್ದಳು. ಸೋದರಮಾವನಿಗೆ ಸಿಟ್ಟು ನೆತ್ತಿಗೇರಿತು. "ಏನೇ ಇದು? ಆಗ್ಲೇ ತಡ ಆಗಿದೆ, ಜನ ಕಾಯ್ತಿದಾರೆ."

"ದೂರದ ಸಮುದ್ರದಡಿ ಭೂಮಿ ನಡುಗಿದೆ ಮಾವ. ಈಗ ಫೋನಿಗೆ ಬಂತು. ನಡುನೀರಲ್ಲಿ, ಯಾರಿಗೂ ಏನೂ ಆಗಿಲ್ಲ. ಅದರ ಅಲೆ ನೆಲದೊಳಗಿಂದ ಇಲ್ಲಿಗೆ ಬರೋಕೆ ಇನ್ನೂ ಸ್ವಲ್ಪ ಹೊತ್ತಿದೆ. ಅಮ್ಮ ಕಾದಿದ್ದು ಈ ದಿಕ್ಕಿನ ಅಲೆಗೇ. ಅಂಗಳದ ಮಾಪಕಕ್ಕೆ ಇಂಜಿನ್ ನಡುಕ ಬಿದ್ರೆ ಅದು ಕಾಣಲ್ಲ."

"ನಿಮ್ಮಮ್ಮನಿಗೆ ಹೊತ್ತುಗೊತ್ತು ಯಾವತ್ತಿತ್ತು?" ಎಂದು ಗೊಣಗಿದರೂ ಮಾವ ಅಂಗಳದಲ್ಲಿ ಹೂತಿದ್ದ ಕಂಪನಮಾಪಕದಿಂದ ದೂರ ಸರಿದು, ಉಸಿರು ಬಿಗಿಹಿಡಿದು ನಿಂತ. ಬೀದಿಯಲ್ಲಿದ್ದವರು ಇದು ಮೌನಾಚರಣೆ ಎಂದುಕೊಂಡು ತಲೆ ತಗ್ಗಿಸಿದರು.

*

ಹೋದ ಬೇಸಿಗೆ. ಬೆಟ್ಟಸಾಲಿನುದ್ದಕ್ಕೂ ಅಮ್ಮ ಹೂತಿದ್ದ ಮಾಪಕಗಳ ಬಲೆಯಲ್ಲಿ ನಡುನೆತ್ತಿಯದೊಂದೇ ಕಣ್ಣು ಖಾಲಿಯಿತ್ತು. ಅಲ್ಲಿಗೆ ಹತ್ತುವಷ್ಟರಲ್ಲಿ ಅಮ್ಮ ಸುಸ್ತಾಗಿ ಬಂಡೆಯ ಮೇಲೆ ಕೂತುಬಿಟ್ಟಳು.

"ಸಾಕು ಬಾಮ್ಮ. ಮೇಷ್ಟ್ರು ಹೇಗೂ ಒಪ್ಪಲ್ಲ," ಎಂದಳು ಮಗಳು.

ಮೇಷ್ಟ್ರು ಎಂದರೆ ಅಮ್ಮನ ಸಹೋದ್ಯೋಗಿ. ಬೆನ್ನ ಹಿಂದೆ ಎಲ್ಲರಿಗೂ ತಕರಾರು ಮೇಷ್ಟ್ರು. ಬೆಟ್ಟದ ಅಡಿಗೆ ಇಳಿದಿದ್ದ ಭಾರದ ಕಲ್ಲಿನ ಬೇರು ಕಳಚಿ ಪಾತಾಳಕ್ಕೆ ಬಿದ್ದಿದೆ, ಅದಕ್ಕೇ ಬೆಟ್ಟ ಇನ್ನೂ ಮೇಲೇಳುತ್ತಿದೆ ಎಂದು ಅಮ್ಮ ಹೇಳಿದಾಗ ಅವರು ತುಂಬಿದ ಸಭೆಯಲ್ಲಿ, "ಬೇರು ಅಲ್ಲೇ ಇದೆ ಕಣ್ರೀ, ಕಳಚಿರೋದು ನಿಮ್ಮ ತಲೆಯ ಸ್ಕ್ರೂ" ಎಂದಿದ್ದರು. ಎಲ್ಲರ ಜೊತೆ ಅಮ್ಮನೂ ನಕ್ಕಿದ್ದಳು. ಮನೆಗೆ ಬಂದು ಅತ್ತಿದ್ದಳು.

"ದೋಣಿಯಿಂದ ಮೂಟೆ ಇಳಿಸಿದ್ರೆ ದೋಣಿ ಮೇಲೇಳುತ್ತೆ ತಾನೇ? ಇದೂ ಹಾಗೇ ಕಣೇ," ಎಂದಳು ಅಮ್ಮ, ಏದುಸಿರಿನ ನಡುವೆ. "ಬೇರಿದ್ರೆ ಅಲ್ಲಿ ತಣ್ಣನೆ ಗಟ್ಟಿ ಕಲ್ಲಿರುತ್ತೆ, ಅಲೆ ಬೇಗ ಬರುತ್ತೆ. ಬಿದ್ದುಹೋಗಿದ್ರೆ ಆ ಜಾಗಕ್ಕೆ ಬಿಸಿ ಕಲ್ಲು ನುಗ್ಗಿರುತ್ತೆ, ಅಲೆ ತಡವಾಗುತ್ತೆ. ತಡ ಆದ್ರೆ ಗೆದ್ದದ್ದು ನಾನು."

ಆಮೇಲೆ ಗುಂಡಿ ತೋಡಲು ಅವಳೇ ಗುದ್ದಲಿ ಹಿಡಿದಳು.

*

ತಕರಾರು ಮೇಷ್ಟ್ರು ಜಗಲಿಯ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೊಡೆಗೇರಿಸಿಕೊಂಡು ಕೂತಿದ್ದರು. ಪರದೆಯ ಮೇಲೆ ಮಾಪಕಗಳ ಗೆರೆಗಳು ಒಂದೊಂದಾಗಿ ಕುಣಿದವು. ಮಗಳಿಗೆ ಅತ್ತ ನೋಡುವ ಧೈರ್ಯವಾಗಲಿಲ್ಲ. ನಡುಬೆಟ್ಟಕ್ಕೆ ಅಲೆ ಬೇಗ ಬಂದಿದ್ದರೆ ಅಮ್ಮನ ಬದುಕಿನ ದುಡಿಮೆಯೆಲ್ಲ ಮಣ್ಣುಪಾಲು.

ಮೇಷ್ಟ್ರು ಲೆಕ್ಕ ಹಾಕಿದರು. ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿದರು.

"ತಡ," ಎಂದರು.

"ಅದನ್ನೇ ತಾನೇ ನಾನೂ ಬಡ್ಕೊಂಡಿದ್ದು? ಹೊರಡೋಣ ಈಗ," ಎಂದ ಮಾವ.

"ನಾವಲ್ಲ ರೀ, ಅಲೆ! ಬೆಟ್ಟದ ಬುಡದ ಮಾಪಕಗಳಿಗೆಲ್ಲ ಸರಿಯಾದ ಹೊತ್ತಿಗೆ ಬಂದಿದೆ. ನಡುಬೆಟ್ಟದಲ್ಲಿ ಮಾತ್ರ ಒಂದೊಂದರಲ್ಲೂ ತಡ!" ಮೇಷ್ಟ್ರು ಪರದೆಯನ್ನು ಪೆಟ್ಟಿಗೆಯತ್ತ ತಿರುಗಿಸಿದರು. "ಬೇರು ಅಲ್ಲಿಲ್ಲ. ಗೆದ್ದುಬಿಟ್ರು. ನಮ್ಮನ್ನೆಲ್ಲ ಸೋಲಿಸಿ ಹಾಯಾಗಿ ಮಲಗಿದಾರೆ ನೋಡಿ."

ಮಗಳು "ಹೋ!" ಎಂದು ಕೂಗಿಯೇಬಿಟ್ಟಳು. ಅದು ಸಾವಿನ ಮನೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಅಮ್ಮನ ಜೊತೆ ತಂತಿ ಎಳೆದವರು, ಬ್ಯಾಟರಿ ಹೊತ್ತು ಬೆಟ್ಟ ಹತ್ತಿದವರು ಎಲ್ಲರೂ ಕೂಗಿದರು. ಏನೊಂದೂ ಅರ್ಥವಾಗದ ಮಾವ ಎಲ್ಲರಿಗಿಂತ ಜೋರಾಗಿ ಕೂಗಿದ.

ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವರು ಮೇಷ್ಟ್ರು. ಇನ್ನೊಂದು ಬದಿಗೆ ಮಗಳು ನಿಂತಳು. ವ್ಯಾನಿನ ಬಾಗಿಲು ತೆರೆದೇ ಇತ್ತು, ಅತ್ತ ಯಾರೂ ತಿರುಗಲಿಲ್ಲ. ಪೆಟ್ಟಿಗೆ ಹೆಗಲಿನಿಂದ ಅಂಗೈಗಳಿಗೆ ಬಂತು, ಬಾಗಿದ ತೋಳುಗಳು ನೆಟ್ಟಗಾದವು, ಅಮ್ಮ ಎಲ್ಲರ ತಲೆಗಿಂತ ಮೇಲೇರಿ ಬೀದಿಗಿಳಿದಳು.