ಲೈಸೆನ್ಸ್ ಇದ್ದವನ ಏಟು

ಎರಡನೇ ಏಟಿಗೆ ವಸಂತನ ಮೊಣಕೈ ಮುರಿಯಿತು. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಅಷ್ಟು ಗಲಾಟೆಯಲ್ಲೂ ಆ ಸದ್ದು ಹರಿಣಾಕ್ಷಿಗೆ ಕೇಳಿಸಿತು. ಅವಳ ಕ್ಯಾಂಟೀನಿನ ಗಾಜಿನ ಪೆಟ್ಟಿಗೆ ಪುಡಿಪುಡಿಯಾಗಿ, ಬಿಸಿ ಬನ್ಸೆಲ್ಲ ಚರಂಡಿಗೆ ಉರುಳಿದ್ದವು. ರಾಡು ಹಿಡಿದವನು ಸುಧಾಕರ. ಈಗ ಪೇಟೆಯಲ್ಲಿ ದಿನದ ಸಾಲ ಕೊಡುವ ಏಕೈಕ ಮಹಾನುಭಾವ!

ಮೊದಲು ಹಾಗಿರಲಿಲ್ಲ. ಮೈದಾ, ಎಣ್ಣೆಗೆ ದುಡ್ಡು ಕೊಟ್ಟು ಮರುದಿನ ಬಡ್ಡಿ ಸೇರಿಸಿ ವಸೂಲು ಮಾಡುವವರು ಮೂವರಿದ್ದರು. ಒಬ್ಬ ಬಡ್ಡಿ ಏರಿಸಿದರೆ ಇನ್ನೊಬ್ಬ ಇಳಿಸುತ್ತಿದ್ದ. ಅಂಗಡಿಯ ಬೋಣಿ ಆಗುವ ಮೊದಲು ಯಾರೂ ಹಣ ಕೇಳಬಾರದೆಂಬ ಮರ್ಯಾದೆಯೂ ಇತ್ತು. ಆಮೇಲೆ, ಸಾಲ ಪಡೆದವರಿಗೆ ಕಿರುಕುಳ ತಪ್ಪಲಿ ಎಂದು ಕಾನೂನು ಬಂತು. ನೋಂದಣಿ ಇಲ್ಲದವನು ಸಾಲ ಕೊಟ್ಟರೆ ಜೈಲು. ಒಳ್ಳೆಯ ಕಾನೂನೇ, ಯಾರು ಬೇಡ ಅಂದರು? ಆದರೆ ನೋಂದಣಿಗೆ ಠೇವಣಿ ಕಟ್ಟುವ ತಾಕತ್ತು ಇದ್ದದ್ದು ಸುಧಾಕರನಿಗೆ ಮಾತ್ರ. ಉಳಿದಿಬ್ಬರು ಬಾಗಿಲು ಹಾಕಿದರು. ಅವನ ಬಡ್ಡಿ ಕಾಗದದಲ್ಲೊಂದು, ಕೈಯಲ್ಲೊಂದು ಆಯಿತು.

ಬಾಗಿಲು ಹಾಕಿದವರಲ್ಲಿ ವಸಂತನೂ ಒಬ್ಬ. ಸುಧಾಕರನ ಬಾಕಿಯೇ ತೀರಿಸಲಾಗದೆ ಹರಿಣಾಕ್ಷಿ ಬೇಡಿಕೊಂಡಳೆಂದು ಹಳೆಯ ಬಡ್ಡಿಗೇ ಗುಟ್ಟಾಗಿ ಕೊಡುತ್ತಿದ್ದ. ಇವತ್ತು ಬಂದವನು ತಕ್ಷಣ ಹಣ ತೆಗೆದುಕೊಂಡು ಹೋಗಬಾರದಿತ್ತೇ? ಬೋಣಿ ಆಗಲಿ ಎಂದು ಬೆಂಚಿನಲ್ಲಿ ಕಾದು ಕೂತ, ಸುಧಾಕರನಿಗೆ ಸಿಕ್ಕಿಬಿದ್ದ.

"ಸಾಲ ತೆಗೊಂಡವರಿಗೆ ಹೊಡಿಬಾರ್ದು ಅಂತ ಕಾನೂನು ಉಂಟು. ನಿನ್ನಂಥ ಕಳ್ಳನಿಗೆ ಹೊಡಿಬಾರ್ದು ಅಂತ ಎಲ್ಲಿ ಉಂಟು ಮಾರಾಯ?" ಎನ್ನುತ್ತ ಸುಧಾಕರ ಮತ್ತೆ ರಾಡು ಎತ್ತಿದ.

ಹರಿಣಾಕ್ಷಿ ಒಲೆಯ ಮೇಲಿದ್ದ ಕುದಿಯುವ ಚಹಾವನ್ನು ಪಾತ್ರೆ ಸಮೇತ ಎತ್ತಿ ಅವನ ಕೈಗೆ ಎರಚಿದಳು. ರಾಡು ಕೆಳಗೆ ಬಿತ್ತು. ಅವನು ಚೀರಿದ.

ಪೊಲೀಸರು ಬಂದರು. ಸುಧಾಕರ ಸುಟ್ಟ ಕೈಗೆ ಊದಿಕೊಳ್ಳುತ್ತ ಅವಳ ಕಿವಿಯ ಹತ್ತಿರ ಬಾಗಿದ. "ಅಕ್ಕ, ಇವ ಬಡ್ಡಿಗೆ ಕೊಡ್ತಾನೆ ಅಂತ ಒಂದು ಮಾತು ಹೇಳಿ, ಸಾಕು. ನಿಮ್ಮ ಮೇಲೆ ಕೇಸೂ ಇಲ್ಲ, ನನಗೆ ಕೊಡ್ಲಿಕ್ಕಿರುವ ಬಾಕಿಯೂ ಇಲ್ಲ. ಇಲ್ಲದಿದ್ರೆ ನಾಳೆ ಸಾಮಾನಿಗೆ ಯಾರ ಹತ್ರ ಹೋಗ್ತೀರಿ?"

"ಇವರು ನಿಮಗೆ ಸಾಲ ಕೊಟ್ಟಿದ್ದಾರಾ?" ಪೊಲೀಸಿನವನು ವಸಂತನನ್ನು ತೋರಿಸಿ ಕೇಳಿದ.

ನೆಲದಲ್ಲಿ ಕೂತಿದ್ದ ವಸಂತ ತಲೆಯೆತ್ತಲಿಲ್ಲ. ಹರಿಣಾಕ್ಷಿ ಸೆರಗಿಗೆ ಕೈ ಒರೆಸಿಕೊಂಡಳು.

"ಇಲ್ಲ ಸರ್. ಅವರು ಚಾ ಕುಡಿಲಿಕ್ಕೆ ಬಂದದ್ದು. ಈ ಮನುಷ್ಯ ಸುಮ್ಮನೆ ಹೊಡೆದ. ಚಾ ಎರಚಿದ್ದು ನಾನೇ, ಬರ್ಕೊಳ್ಳಿ."

ಆಸ್ಪತ್ರೆಗೆ ಹೋಗುವ ರಿಕ್ಷಾದಲ್ಲಿ ವಸಂತನ ಮುರಿದ ಕೈ ಅವಳ ಮಡಿಲಲ್ಲಿತ್ತು.

"ನಾಳೆ ಎಂತ ಮಾಡ್ತೀರಿ ಅಕ್ಕ?"

"ಮಾತಾಡ್ಬೇಡಿ. ಮುಂದೆ ಹಂಪ್ಸ್ ಉಂಟು," ಎಂದ ಹರಿಣಾಕ್ಷಿ ಆ ಕೈಯನ್ನು ಮೆಲ್ಲಗೆ ಮೇಲೆತ್ತಿ ಹಿಡಿದಳು.