ಎಕ್ಸ್‌ನ ಬೆಲೆ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ನಿಂತೇ ಮಾನ್ವಿಗೆ ಬಂದು ಹತ್ತನೇ ತರಗತಿಗೆ ಗಣಿತ ಹೇಳುವವಳು ನಾನು. ಆ ದಣಿವನ್ನೇ ನೆಪ ಮಾಡಿಕೊಂಡು ಇಪ್ಪತ್ತೆರಡು ವರ್ಷ ಮಕ್ಕಳ ಮೇಲೆ ಹರಿಹಾಯ್ದಿದ್ದೇನೆ.

ಕುರ್ಡಿಯಿಂದ ಬರುತ್ತಿದ್ದ ಶಶಿಕಲಾಗೆ ರಾಯಚೂರಿನಲ್ಲಿ ಸೈನ್ಸ್ ಓದುವ ಆಸೆ. ದಿನಕ್ಕೆ ಹತ್ತು ಪ್ರಶ್ನೆ ಕೇಳಿ ತಲೆ ತಿನ್ನುವ ಹುಡುಗಿ. ಜನವರಿಯಲ್ಲಿ ವರ್ಗ ಸಮೀಕರಣದ ಅಭ್ಯಾಸ ನಡೆದಿತ್ತು. ‘x ನ ಬೆಲೆ ಕಂಡುಹಿಡಿಯಿರಿ’ ಎಂದು ಬೋರ್ಡಿನ ಮೇಲೆ ಬರೆದು ಹತ್ತು ಲೆಕ್ಕ ಕೊಟ್ಟೆ. ಎಲ್ಲರಿಗಿಂತ ಮೊದಲು ಮುಗಿಸಿದವಳು ಆಕೆಯೇ. ಅಪವರ್ತನವೆಲ್ಲ ಸರಿಯಾಗಿತ್ತು. ಆದರೆ ಐದು ಮತ್ತು ಮೈನಸ್ ಮೂರು ಎಂದು ಬಂದಲ್ಲಿ, ಮೈನಸ್ ಮೂರರ ಮೇಲೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಹತ್ತರಲ್ಲೂ ಹಾಗೆಯೇ.

“ಇದ್ಯಾಕ ಅರ್ಧ ಉತ್ತರ?”

“ಬೆಲಿ ಮೈನಸ್ ಹೆಂಗಿರತದ್ರಿ ಟೀಚರ್?”

ತರಗತಿ ಗೊಳ್ಳೆಂದು ನಕ್ಕಿತು. ನನ್ನನ್ನೇ ಆಡಿಕೊಳ್ಳುತ್ತಿದ್ದಾಳೆ ಎನಿಸಿ ಮೈಯೆಲ್ಲ ಉರಿಯಿತು. “ಬೆಲಿ ಕೇಳಾಕ ಸಂತಿಗೆ ಬಂದೀಯೇನು? ಕುಂದ್ರು ಸುಮ್ನ!” ಎಂದೆ. ಇನ್ನಷ್ಟು ನಕ್ಕರು. ಆಮೇಲೆ ಹುಡುಗಿಯರು ಆಕೆಯನ್ನು ‘ಸಂತಿ’ ಎಂದೇ ಕರೆಯುತ್ತಿದ್ದರು. ನನಗೆ ಗೊತ್ತಿತ್ತು, ತಡೆಯಲಿಲ್ಲ.

ಮಾರ್ಚ್‌ನ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಶಶಿಕಲಾ ಎರಡು ಅಂಕಕ್ಕೆ ಗಣಿತದಲ್ಲಿ ಫೇಲಾದಳು. ನಂಬಲಾಗದೆ ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದೆ. ಜನವರಿಯ ನಂತರ ಹೇಳಿದ ಪಾಠಗಳ ಲೆಕ್ಕವೆಲ್ಲ ಖಾಲಿ. ಬಿಡಿಸಿದ ಎರಡು ವರ್ಗ ಸಮೀಕರಣಗಳಲ್ಲೂ ಅದೇ ನೇರ ಗೆರೆ, ಒಂದೊಂದು ಅಂಕ ಕಡಿತ. ಹೊಲದ ಉದ್ದ ಕೇಳುವ ಲೆಕ್ಕದಲ್ಲಿ “ಉದ್ದ ಮೈನಸ್ ಇರಂಗಿಲ್ಲ, ಕಾಟು ಹೊಡೀರಿ” ಎಂದು ಕಲಿಸಿದವಳು ನಾನೇ. ಅಂಗಡಿಯ ಬೆಲೆ ಬೇರೆ, ಗಣಿತದ ಬೆಲೆ ಬೇರೆ ಎಂದು ಮಾತ್ರ ಯಾವ ವರ್ಷವೂ ಹೇಳಿರಲಿಲ್ಲ. ಆ ದಿನ ಆಕೆ ನಿಜವಾಗಿಯೂ ಗೊತ್ತಾಗದೆ ಕೇಳಿದ್ದಳು.

ಎರಡನೇ ಪರೀಕ್ಷೆಯ ಅರ್ಜಿ ಹಿಡಿದು ಕುರ್ಡಿಗೆ ಹೋದೆ. ಆಕೆಯ ತಾಯಿ ವೆಂಕಮ್ಮ “ಬರ್ರಿ ಟೀಚರ್” ಎಂದು ಚಾಪೆ ಹಾಸಿದರು. ಶಶಿಕಲಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕದಲ್ಲಿ ‘ಬೆಲೆ’ ಎಂದರೆ ದುಡ್ಡಲ್ಲ, x ನ ಜಾಗದಲ್ಲಿ ಕೂರುವ ಸಂಖ್ಯೆ, ಅದು ಮೈನಸ್ಸೂ ಇರಬಹುದು ಎಂದು ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

“ಇಷ್ಟೇ ಏನ್ರಿ?” ಎಂದಳು.

“ಇಷ್ಟೇ ಯವ್ವಾ. ನಂದ ತಪ್ಪು.”

ಅರ್ಜಿಗೆ ಸಹಿ ಹಾಕಿದಳು. ನನಗೆ ಉಸಿರು ಬಂದಂತಾಯಿತು. “ಈ ಸಲ ಪಾಸಾಗ್ತೀ ನೋಡು. ರಾಯಚೂರಾಗ ಸೈನ್ಸ್ ತಗೋ. ಏನು ಡೌಟ್ ಇದ್ರೂ ನಮ್ಮ ಮನಿಗೆ ಬಂದು ಕೇಳು” ಎಂದೆ.

“ಸೈನ್ಸ್ ಬ್ಯಾಡ್ರಿ ಟೀಚರ್, ಆರ್ಟ್ಸ್ ತಗೋತೀನಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಅಲ್ಲಿ ಓದಿ ಬರದ್ರ ಸಾಕಂತ. ಯಾರನ್ನೂ ಏನೂ ಕೇಳೋದು ಇರಂಗಿಲ್ಲಂತ್ರಿ.”