ಇಪ್ಪತ್ತೆಂಟು ದಿನದ ಲೆಕ್ಕ

ಅಛಾಮ್ ಬೆಟ್ಟದ ಆ ಶಾಲೆಯಲ್ಲಿ ಹುಡುಗಿಯರಿಗೆ ಮುಟ್ಟಿನ ಪಾಠ ಹೇಳಬೇಕೆಂದು ಮನಸರಾ ಮಿಸ್‌ಗೆ ಮೂರು ದಿನ ತರಬೇತಿ ಕೊಟ್ಟಿದ್ದರು. ಅಲ್ಲಿ ಕೇಳಿದ್ದನ್ನು ಅವಳು ಚಾಚೂ ತಪ್ಪದೆ ಒಪ್ಪಿಸಿದಳು. ಎಲ್ಲರಿಗೂ ತಿಂಗಳು, ತಾರೀಖಿನ ಕಾರ್ಡು ಹಂಚಿದಳು. ಮುಟ್ಟಾದ ದಿನಕ್ಕೆ ಕೆಂಪು ಸುತ್ತು ಹಾಕಿ, ಅಲ್ಲಿಂದ ಇಪ್ಪತ್ತೆಂಟು ಎಣಿಸಿ, ಮುಚ್ಚಿಡಬೇಡಿ, ಮನೆಯ ಗೋಡೆಗೇ ಅಂಟಿಸಿ ಎಂದಳು. ಎಂಟನೆಯ ತರಗತಿಯ ಕೌಶಿಲಾ ಹೇಳಿದಂತೆಯೇ ಮಾಡಿದಳು. ಮಿಸ್ ಅವಳ ಬೆನ್ನು ತಟ್ಟಿದ್ದಳು.

ಮೊದಲೆಲ್ಲ ಆ ಊರಲ್ಲೊಂದು ಪವಾಡ ನಡೆಯುತ್ತಿತ್ತು. ವರ್ಷವಿಡೀ ತಿಂಗಳಿಗೊಮ್ಮೆ ಹೊರಗೆ ಕೂರುವ ಹುಡುಗಿಯರು ಪರೀಕ್ಷೆ ಬಂತೆಂದರೆ ಹೊರಗಾಗುತ್ತಲೇ ಇರಲಿಲ್ಲ. ಶಾಲೆಯ ದಾರಿ ಇರುವುದು ಮಸ್ಟೋ ದೇವರ ಗುಡಿಯ ಮುಂದೆ. ಮೈಲಿಗೆಯವರು ಅಲ್ಲಿ ಕಾಲಿಡುವಂತಿಲ್ಲ. ಹುಡುಗಿಯರು ತುಟಿಪಿಟಕ್ಕೆನ್ನದೆ ನಡೆದುಬಿಡುತ್ತಿದ್ದರು. ದೇವರೂ ಸುಮ್ಮನಿದ್ದ.

ಚೈತ್ರದಲ್ಲಿ ಪರೀಕ್ಷೆ ಶುರುವಾದ ದಿನ ಕೌಶಿಲಾ ಬರಲಿಲ್ಲ. ಮರುದಿನವೂ ಇಲ್ಲ. ಈ ಪರೀಕ್ಷೆ ತಪ್ಪಿದರೆ ಜ್ಯೇಷ್ಠದಲ್ಲಿ ಮದುವೆ ಎಂದು ಅವಳ ಅಜ್ಜಿ, ಊರವರ ಬಾಯಲ್ಲಿ ಬಜೈ, ಮೊದಲೇ ಹೇಳಿಟ್ಟಿದ್ದಳು. ಸಂಜೆ ಮನಸರಾ ಅವರ ಮನೆಗೆ ಹೋದಾಗ ಅಜ್ಜಿ ಅಂಗಳದಲ್ಲಿ ಸಾಸಿವೆ ಕೇರುತ್ತಿದ್ದಳು.

"ಮೊಮ್ಮಗಳು ಎಲ್ಲಿ ಬಜೈ?"

"ಮೇಕೆ ಕೊಟ್ಟಿಗೇಲಿ. ಹೊರಗೆ ಕೂರೋ ಗುಡಿಸಲನ್ನ ಕಾನೂನು ಅಂತ ಪೊಲೀಸ್ರು ಕೆಡವಿ ಹೋದ್ರಲ್ಲ, ಇನ್ನೆಲ್ಲಿ ಕೂರಿಸ್ಲಿ? ನಿಮ್ಮ ಕಾರ್ಡು ಚೆನ್ನಾಗಿದೆ ಕಣಮ್ಮ. ನಂಗೆ ಓದೋಕೆ ಬರ್ದಿದ್ರೂ ಎಣಿಸೋಕೆ ಬರುತ್ತೆ. ಇಷ್ಟು ದಿನ ಈ ಹುಡ್ಗೀರು ನಮ್ಮ ಕಣ್ಣಿಗೆ ಮಣ್ಣೆರಚ್ತಿದ್ರು."

"ಆ ಲೆಕ್ಕ ಎರಡು ದಿನ ಹಿಂದೆ ಮುಂದೆ ಆಗುತ್ತೆ ಬಜೈ."

"ಗೊತ್ತು, ಅದನ್ನೂ ನೀವೇ ಹೇಳಿದ್ರಂತೆ. ಅದಕ್ಕೇ ಎರಡು ದಿನ ಮುಂಚೇನೇ ಕಳಿಸ್ದೆ."

ಕಾರ್ಡು ಕಂಡುಹಿಡಿದ ಮಹಾನುಭಾವರಿಗೆ ಇಂಥ ವಿದ್ಯಾರ್ಥಿನಿ ಇನ್ನೆಲ್ಲೂ ಸಿಕ್ಕಿರಲಾರಳು.

ಕೊಟ್ಟಿಗೆಯಲ್ಲಿ ಕೌಶಿಲಾ ಬರಿಗೈಯಲ್ಲಿ ಕೂತಿದ್ದಳು. ಹೊರಗಾದವರು ಪುಸ್ತಕ ಮುಟ್ಟುವಂತಿಲ್ಲ.

"ಹೊಟ್ಟೆ ನೋವಿದ್ಯಾ?" ಮನಸರಾ ಕೇಳಿದಳು.

"ಇಲ್ಲ ಮಿಸ್. ಇನ್ನೂ ಆಗೇ ಇಲ್ಲ."

"ಅಜ್ಜಿಗೆ ಹೇಳ್ಲಿಲ್ವಾ?"

"ಹೇಳ್ದೆ. ಕಾರ್ಡು ಸುಳ್ಳು ಹೇಳಲ್ಲ, ನೀನು ಹೇಳ್ತೀಯ ಅಂದ್ಳು." ಹುಡುಗಿ ಕೇಳಿದಳು, "ನೀವು ಹೆಂಗೆ ಮಿಸ್ ದಿನಾ ಸ್ಕೂಲಿಗೆ ಬರ್ತೀರ?"

ಹನ್ನೊಂದು ವರ್ಷದಿಂದ ಮನಸರಾ ತಿಂಗಳು ತಿಂಗಳೂ ಅತ್ತೆಗೆ ಸುಳ್ಳು ಹೇಳಿಕೊಂಡೇ ಬಂದಿದ್ದಳು. ತರಬೇತಿಯಲ್ಲಿ ಅದು ಇರಲಿಲ್ಲ, ಹಾಗಾಗಿ ಪಾಠದಲ್ಲೂ ಬರಲಿಲ್ಲ. ಅಳು ಬರಬೇಕಿತ್ತು, ಜೋಮು ಹಿಡಿದ ಕಾಲಿನಂತೆ ಒಳಗೆ ಏನೂ ಗೊತ್ತಾಗಲಿಲ್ಲ. ಅವಳು ಎದ್ದು ಬಂದಳು. ಉಳಿದ ಪರೀಕ್ಷೆಗಳೂ ಕೌಶಿಲಾ ಇಲ್ಲದೆಯೇ ಮುಗಿದವು.

ವೈಶಾಖದಲ್ಲಿ ಹೊಸ ಕಾರ್ಡುಗಳ ಕಟ್ಟು ಬಂತು. ಮನಸರಾ ತರಗತಿಯ ಬಾಗಿಲು ಹಾಕಿ ಹಂಚಿದಳು.

"ನಿಜವಾದ ತಾರೀಖು ತಲೇಲಿಟ್ಕೊಳ್ಳಿ. ಕಾರ್ಡಲ್ಲಿ ಬೇರೆ ಯಾವುದಕ್ಕಾದ್ರೂ ಸುತ್ತು ಹಾಕಿ. ಪರೀಕ್ಷೆ ವಾರದ ಹತ್ರಕ್ಕೂ ಹೋಗ್ಬೇಡಿ. ಮನೇಲಿ ಕೇಳಿದ್ರೆ ಮುಖ ನೋಡ್ಕೊಂಡೇ ಸುಳ್ಳು ಹೇಳಿ, ನೆಲ ನೋಡ್ಬೇಡಿ. ನಾನು ಹಂಗೇ ಹೇಳೋದು."

ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಇದನ್ನ ಕೌಶಿಲಾಗೂ ಹೇಳ್ಲಾ ಮಿಸ್?"

ಮನಸರಾ ಉಳಿದ ಒಂದು ಕಾರ್ಡನ್ನು ಮೇಜಿನ ಖಾನೆಯೊಳಗಿಟ್ಟಳು. ಮದುವೆಯ ಜ್ಯೇಷ್ಠಕ್ಕೆ ಇನ್ನು ಹನ್ನೆರಡು ದಿನವಿತ್ತು.